ಮಾಧವಿಯ ಕುರ್ಚಿ

ಮೈಲಾಪೂರು, ಚೆನ್ನೈ
ಆಗಸ್ಟ್ 12, ಮಂಗಳವಾರ

ಪ್ರೀತಿಯ ಮಾಧವೀ,

ಹೇಗಿದ್ದೀ ಮಗಾ? ನಿದ್ದೆ ಬರುತ್ತಿದೆಯಾ? ಹೊಟ್ಟೆಗೆ ಸರಿಯಾಗಿ ಏನಾದರೂ ತಿನ್ನುತ್ತಿದ್ದೀಯೋ, ಇಲ್ಲಾ ಅಕ್ಕನ ಮನೆಯಲ್ಲೂ ನಿಂತುಕೊಂಡೇ ಎರಡು ತುತ್ತು ನುಂಗಿ ಪಾತ್ರೆ ತೊಳೆಯಲು ಓಡುತ್ತೀಯೋ? ನಿನ್ನ ಅಕ್ಕ ಸರಸಳಿಗೆ ಹೇಳು, ನಿನ್ನನ್ನು ಅಡುಗೆಮನೆಗೆ ಬಿಟ್ಟರೆ ನಿನ್ನ ಅತ್ತೆ ಕುಂದಾಪುರಕ್ಕೇ ಬಂದು ಜಗಳ ತೆಗೆಯುತ್ತಾಳೆ ಅಂತ. ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ, ಮೊಣಕಾಲು ಮಾತ್ರ ಎಂದಿನ ಹಾಗೆ ರಗಳೆ ಮಾಡುತ್ತಿದೆ. ಫೋನು ಇರುವಾಗ ಈ ಮುದುಕಿಗೆ ಕಾಗದ ಬರೆಯುವ ಹುಚ್ಚು ಯಾಕೆ ಅಂತ ನಗಬೇಡ. ಫೋನಿನಲ್ಲಿ ನಾನು ಕಿರುಚುತ್ತೇನೆ, ನೀನು ಬರೀ ‘ಹ್ಞೂಂ’ ಅನ್ನುತ್ತೀ, ರೂಪೇಶ ಪಕ್ಕದಲ್ಲಿ ನಿಂತು ಹೆಂಡತಿ ಏನು ಹೇಳಿದಳು ಅಂತ ನನ್ನ ಮುಖ ನೋಡುತ್ತಾನೆ. ಮೊನ್ನೆ ನೀನು ಭಾನುವಾರ ವಾಪಸು ಬರುವ ಟಿಕೆಟ್ಟಿನ ಮಾತು ಬಂದಾಗ ನೀನು ಮಾತು ತಿರುಗಿಸಿದೆ, ಅವನು ಚಪ್ಪಲಿ ಮೆಟ್ಟಿ ಹೋಟೆಲಿಗೆ ಹೊರಟ. ನೀನು ವಾಪಸು ಬರುತ್ತೀಯೋ ಇಲ್ಲವೋ ಅನ್ನುವುದು ಈ ಮನೆಯಲ್ಲಿ ಎಲ್ಲರ ಮನಸ್ಸಿನಲ್ಲೂ ಇದೆ, ಕೇಳುವವರು ಮಾತ್ರ ಒಬ್ಬರೂ ಇಲ್ಲ. ನಮ್ಮ ಹೋಟೆಲಿನ ಅಡುಗೆ ಹರಿಹರ ಇವತ್ತಿನ ಮಂಗಳೂರು ಮೇಲ್ ರೈಲಿನಲ್ಲಿ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಮೊದಲು ನಿನ್ನ ಮಗಳ ಸುದ್ದಿ. ವೀಕ್ಷಾ ಚೆನ್ನಾಗಿದ್ದಾಳೆ. ಬಾಯಲ್ಲಿ ಮಾತು ಬಾರದಿದ್ದರೆ ಏನಾಯಿತು, ಬೇಕಾದದ್ದನ್ನು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಾಳೆ. ಗ್ರೈಂಡರ್ ತಿರುಗುವಾಗ ಅದಕ್ಕೆ ಕೆನ್ನೆ ಒತ್ತಿ ಕೂರುವುದು ಈಗಲೂ ಇದೆ. ಅವಳ ಉಗುರು ಕತ್ತರಿಸುವ ದೊಡ್ಡ ಯುದ್ಧವನ್ನು ಈ ಸಲ ಅವಳ ಅಪ್ಪನೇ ಮಾಡಿದ, ಕೈತುಂಬ ಗೀರು ಹಾಕಿಸಿಕೊಂಡ, ಆದರೂ ಬಿಡಲಿಲ್ಲ. ಅವಳು ನಿನ್ನನ್ನು ಹುಡುಕುವುದೇ ಇಲ್ಲ ಅಂತ ಸುಳ್ಳು ಬರೆಯಲಾರೆ. ಸಂಜೆ ನಿನ್ನ ಮಂಚದ ಮೇಲೆ ಹೋಗಿ ಮಲಗುತ್ತಾಳೆ, ಸ್ವಲ್ಪ ಹೊತ್ತು ಅಳುತ್ತಾಳೆ, ಆಮೇಲೆ ನಾನು ಬೆನ್ನು ಸವರಿದರೆ ಸುಮ್ಮನಾಗುತ್ತಾಳೆ. ಕೆಳಮನೆಯ ಶಾರದಮ್ಮ ಮೆಟ್ಟಿಲ ಹತ್ತಿರ ಹಿಡಿದು, ಸೊಸೆ ಮಗು ಬಿಟ್ಟು ಹೋದಳಂತೆ, ನಿಜವಾ ಅಂದಳು. ನಿಮ್ಮ ಮಿಕ್ಸಿ ರಿಪೇರಿಗೆ ಹೋದಾಗ ಓಡಿಹೋಯಿತು ಅಂತ ಊರೆಲ್ಲ ಡಂಗುರ ಹೊಡೆದಿರಾ ಅಂದೆ. ಆಮೇಲೆ ನನಗೇ ನಗು ಬಂತು, ನಿನ್ನನ್ನು ಮಿಕ್ಸಿ ಮಾಡಿಬಿಟ್ಟೆನಲ್ಲ ಮಾರಾಯ್ತಿ!

ಈಗ ನಾನು ಮಾಡಿದ ಘನಕಾರ್ಯ ಕೇಳು. ವೀಕ್ಷಾಳ ಥೆರಪಿ ಸೆಂಟರಿನಲ್ಲಿ ಶನಿವಾರ ಮನೆಯವರನ್ನು ಕೂರಿಸಿ ಮಾತಾಡಿಸುತ್ತಾರಲ್ಲ, ನೀನು ತಪ್ಪದೆ ಹೋಗುತ್ತಿದ್ದೆಯಲ್ಲ, ಅಲ್ಲಿಗೆ ಹೋಗಿದ್ದೆ. ನೀನು ಕಾಣಿಸದಿದ್ದರೆ ನಿನ್ನ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟಾರು ಅಂತ ಭಯ. ಬಸ್ಸಿನಲ್ಲಿ ಸೀಟಿಗೆ ಟವೆಲು ಹಾಕುತ್ತಾರಲ್ಲ, ಹಾಗೆ ನಿನ್ನ ಕುರ್ಚಿ ಹಿಡಿದು ಬರೋಣ, ಬಾಯಿ ಮಾತ್ರ ಬಿಚ್ಚಬಾರದು ಅಂತ ಹೊರಟೆ. ಬರಿಗೈಯಲ್ಲಿ ಹೋಗುವುದು ಹೇಗೆ? ಒಂದು ದೊಡ್ಡ ಡಬ್ಬಿ ಗೋಳಿಬಜೆ, ಚಟ್ನಿ, ಫ್ಲಾಸ್ಕಿನಲ್ಲಿ ಕಾಫಿ. ಹೋಗಿ ನೋಡಿದರೆ ಎಲ್ಲರೂ ದುಂಡಗೆ ಕುರ್ಚಿ ಹಾಕಿ ಕೂತಿದ್ದಾರೆ, ಒಬ್ಬರ ಕೈಯಲ್ಲೂ ತಟ್ಟೆಯಿಲ್ಲ. ಹೋಟೆಲಿನವಳ ಕೈ ಸುಮ್ಮನಿರುತ್ತದಾ? ನಿನ್ನ ಕುರ್ಚಿಯ ಮೇಲೆ ನನ್ನ ಬ್ಯಾಗಿಟ್ಟು ಬಡಿಸಲು ಶುರು ಮಾಡಿದೆ. ಅಂಬತ್ತೂರಿನಿಂದ ಬಂದ ಒಬ್ಬಾತ, ಅವನ ಮಗನಿಗೂ ನಮ್ಮ ವೀಕ್ಷಾಳ ಹಾಗೆ ಆಟಿಸಂ ಅಂತೆ, ಫ್ಯಾಕ್ಟರಿ ಬಿಟ್ಟ ಮೇಲೆ ನೇರ ಮನೆಗೆ ಹೋಗಲಾಗದೆ ಕೆಳಗೆ ಸ್ಕೂಟರಿನ ಮೇಲೆಯೇ ಕೂತಿರುತ್ತೇನೆ ಅಂತ ಅಳುತ್ತಾ ಹೇಳುತ್ತಿದ್ದಾನೆ, ನಾನು ಅವನ ಮುಂದೆ ನಿಂತು ಇನ್ನೆರಡು ಹಾಕಲಾ ಅಂತ ಒತ್ತಾಯ ಮಾಡುತ್ತಿದ್ದೇನೆ! ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಪಾಪ, ತೆಗೆದುಕೊಂಡ.

ನಿನ್ನ ಕೌನ್ಸೆಲರ್ ಸುಗುಣಾ ಇದ್ದಾಳಲ್ಲ, ಎದ್ದು ಬಂದು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. ‘ಪಾಟೀ, ಉಕ್ಕಾರುಂಗ. ನೀಂಗ ಸಾಪ್ಟೀಂಗಳಾ?’ ಅಂದಳು. ಅಜ್ಜಿ, ಕೂತುಕೊಳ್ಳಿ, ನೀವು ತಿಂದಿರಾ ಅಂತ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಕೊನೆಯ ಗಿರಾಕಿ ಎದ್ದ ಮೇಲೆ ತಿಂದವಳು ನಾನು, ಅದು ನನಗೆ ಕಷ್ಟವೆಂದೇ ಗೊತ್ತಿಲ್ಲ. ಕೂತೆ. ನೀವು ಹೇಗಿದ್ದೀರಿ ಅಂದಳು. ವೀಕ್ಷಾ ಚೆನ್ನಾಗಿದ್ದಾಳೆ ಅಂದೆ. ವೀಕ್ಷಾ ಅಲ್ಲ, ನೀವು ಅಂದಳು. ಮಾಧವಿಗೆ ತುಂಬ ಸುಸ್ತಾಗಿದೆ ಅಂದೆ. ಮಾಧವಿ ಅಲ್ಲ ಪಾಟೀ, ನೀವು ಅಂದಳು. ಎಂತ ಹೇಳುವುದು? ಮೊಣಕಾಲು ನೋವು ಅಂದೆ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುತ್ತಾ ನಗುತ್ತಾ ಅಳು ಬಂದುಬಿಟ್ಟಿತು. ನಿಲ್ಲಲೇ ಇಲ್ಲ. ನಾನು ಸತ್ತ ಮೇಲೆ ಈ ಹುಡುಗಿಯ ಬೆನ್ನು ಸವರುವವರು ಯಾರು ಅಂದೆ. ನನ್ನ ಸೊಸೆ ಮುರಿದುಹೋದದ್ದನ್ನು ನೋಡಿದೆ, ಏನು ಮಾಡಬೇಕು ಅಂತ ತಿಳಿಯಲಿಲ್ಲ ಅಂದೆ. ಅಂಬತ್ತೂರಿನವನೇ ನನಗೆ ಕಾಫಿ ಬಗ್ಗಿಸಿ ಕೊಟ್ಟ. ಯಾರೂ ಬುದ್ಧಿ ಹೇಳಲಿಲ್ಲ ಮಾಧವೀ, ದೇವರಿದ್ದಾನೆ ಅಂತಲೂ ಅನ್ನಲಿಲ್ಲ, ಸುಮ್ಮನೆ ಕೂತು ಕೇಳಿದರು. ನೀನು ಅಲ್ಲಿಂದ ಬಂದ ದಿನ ಬಟ್ಟೆ ಒಣಹಾಕುತ್ತಾ ಹಾಡುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು. ಹೊರಡುವಾಗ ಇದು ಮಾಧವಿಯ ಕುರ್ಚಿ, ಯಾರಿಗೂ ಕೊಡಬೇಡಿ ಅಂದೆ. ಸುಗುಣಾ, ಅದು ಅವರದೇ, ನಿಮಗೆ ಇನ್ನೊಂದು ಹಾಕೋಣ ಅಂದಳು. ಮುಂದಿನ ಶನಿವಾರವೂ ಹೋಗುತ್ತೇನೆ. ಬಜೆ ಒಯ್ಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ನೋಡುವಾ.

ಸರಸಳಿಗೂ ಮಕ್ಕಳಿಗೂ ನನ್ನ ನೆನಪು ಹೇಳು. ತಲೆಗೆ ಎಣ್ಣೆ ಹಚ್ಚಿಸಿಕೊಂಡು ಬೆಳಿಗ್ಗೆ ತಡವಾಗಿ ಏಳು. ನಿನ್ನ ಜೀವ ತಂಪಾಗಿರಲಿ ಮಗಾ.

ನಿನ್ನ ಅತ್ತೆ,
ಗುಣವತಿ

ಮರೆತ ಸಾಲು: ಹರಿಹರನ ಆಟೋ ಬಂದಿದೆ, ಬೇಗ ಬರೆಯುತ್ತಿದ್ದೇನೆ. ಮರೆತದ್ದಲ್ಲ, ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ನಿನ್ನ ಭಾನುವಾರದ ಟಿಕೆಟ್ಟನ್ನು ನಾನೇ ಕ್ಯಾನ್ಸಲ್ ಮಾಡಿಸಿದೆ. ಶುಕ್ರವಾರ ರೂಪೇಶ ಅಲ್ಲಿಗೆ ಬರುತ್ತಾನೆ, ಒಬ್ಬನೇ. ಹೋಟೆಲು ಯಾರು ನೋಡುತ್ತಾರೆ ಅಂದ, ಮೈಲಾಪೂರಿನವರು ಎರಡು ದಿನ ಬೇರೆ ಕಡೆ ಇಡ್ಲಿ ತಿನ್ನಲಿ ಅಂದೆ. ಅವನು ನಿನ್ನನ್ನು ಕರೆತರಲು ಬರುವುದಲ್ಲ. ವೀಕ್ಷಾ ಹುಟ್ಟಿದ ಮೇಲೆ ನೀವಿಬ್ಬರೂ ಒಂದು ದಿನವೂ ಗಂಡ ಹೆಂಡತಿಯಾಗಿ ಕೂತು ಮಾತಾಡಿಲ್ಲ, ಅದಕ್ಕೆ. ಮನಸ್ಸಿನಲ್ಲಿರುವುದನ್ನೆಲ್ಲ ಅವನಿಗೆ ಹೇಳು, ಬೈಯುವುದಿದ್ದರೆ ಬೈಯಿ. ಬರಬೇಕು ಅನಿಸಿದರೆ ಬಾ. ಅವನು ಒಬ್ಬನೇ ವಾಪಸು ಬಂದರೆ ಯಾಕೆ ಅಂತ ನಾನು ಅವನನ್ನೂ ಕೇಳುವುದಿಲ್ಲ, ನಿನ್ನನ್ನೂ ಕೇಳುವುದಿಲ್ಲ. ಕಾಯಬೇಡ ಅಂತ ಮಾತ್ರ ನನಗೆ ಹೇಳಬೇಡ, ಅದು ನನ್ನಿಂದಾಗದು.