ನಿಧಾನದವರು ಮುಂದೆ

ಭಾನುವಾರ, ಮೇ ೧೮

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ. ‘ನಾವೆಲ್ಲ ಕ್ಷೇಮ’ ಎಂದು ಬರೆಯೋಣವೆಂದರೆ ಈ ಮನೆಯಲ್ಲಿ ಇರುವುದೇ ನಾನೊಬ್ಬಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ನನಗೆ ಒಂದು ಮಾತು ಪೂರ್ತಿ ಆಡಲು ಬಿಡುವುದಿಲ್ಲ. ಕಾಗದಕ್ಕೆ ಅಡ್ಡಬಾಯಿ ಹಾಕುವುದು ನಿನ್ನಿಂದಲೂ ಆಗದು.

ಮೊದಲು ನಿನ್ನ ಸಿಟ್ಟಿಗೆ ಉತ್ತರ ಕೊಡುತ್ತೇನೆ. ಹೌದು, ರಜೆ ಹಾಕಿ ಬೆಟ್ಟ ಹತ್ತಲು ಹೋಗಿದ್ದೆ. ಹೌದು, ಗುರುತು ಪರಿಚಯ ಇಲ್ಲದವರ ಜೊತೆ. ಒಂಟಿಯಾಗಿರುವವರನ್ನೇ ಕಲೆಹಾಕಿ ಕರೆದೊಯ್ಯುವ ತಂಡ ಅದು, ಜೋಡಿಗಳಿಗೆ ಪ್ರವೇಶವಿಲ್ಲ. ಮದುವೆಯಾಗದೆ ಉಳಿದದ್ದೂ ಒಂದು ಅರ್ಹತೆ ಎಂದು ಯಾರಾದರೂ ಒಪ್ಪಿದ್ದು ನನ್ನ ಆಯಸ್ಸಿನಲ್ಲಿ ಇದೇ ಮೊದಲು! ‘ಈ ವಯಸ್ಸಲ್ಲಿ ಇದೇನು ಮಂಗನಾಟ’ ಎಂದು ಭಾವ ನಕ್ಕರಂತೆ. ಒಂದು ಮಹಡಿ ಹತ್ತಿದರೆ ಕುರ್ಚಿ ಹುಡುಕುವ ಭಾವ ಹಾಗೆ ಅಂದದ್ದಕ್ಕೆ ನನಗೇನೂ ಬೇಸರವಿಲ್ಲ.

ರಜೆ ಕೇಳಿದಾಗ ನಮ್ಮ ಅಂಗಡಿಯ ಯಜಮಾನರು ಗಾಬರಿಯಾಗಿ, “ಯಾಕಮ್ಮ, ಯಾರಿಗೆ ಹುಷಾರಿಲ್ಲ?” ಎಂದರು. ನನ್ನ ರಜೆಯೆಂದರೆ ಯಾರದೋ ಜ್ವರ, ಯಾರದೋ ಹೆರಿಗೆ ಎಂದು ಅವರಿಗೂ ಅಭ್ಯಾಸವಾಗಿಬಿಟ್ಟಿದೆ. ಆ ಹಿಂದಿನ ಕೋಣೆಯಲ್ಲಿ ಕೂತು ಕನ್ನಡಕದ ಗಾಜು ಉಜ್ಜಿ, ಅಂಚು ಸವರಿ, ಫ್ರೇಮಿಗೆ ಕೂರಿಸಿ ಎಷ್ಟು ಜನರಿಗೆ ದೂರದ್ದು ಕಾಣುವಂತೆ ಮಾಡಿದ್ದೇನೋ. ನನ್ನ ಕಿಟಕಿಗೆ ಕಾಣುವುದು ಮಾತ್ರ ಎದುರು ಗೋಡೆಯ ನೀರಿನ ಪೈಪು. “ಯಾರಿಗೂ ಏನೂ ಆಗಿಲ್ಲ ಸಾರ್, ನನಗೇ ರಜೆ ಬೇಕು” ಎಂದೆ. ಅವರಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಡೇರೆಯಲ್ಲಿ ನನ್ನ ಜೊತೆ ಇದ್ದವರು ಒಬ್ಬರು ಹಲ್ಲಿನ ಡಾಕ್ಟರ್, ಗಂಡನಿಂದ ಬೇರೆಯಾದವರು. ಅಬ್ಬಬ್ಬಾ, ಅವರ ಗೊರಕೆ! ಬೆಳಿಗ್ಗೆ ಸಂಕೋಚದಿಂದಲೇ ಹೇಳಿದೆ. “ಹೌದಾ? ನಾನು ಗೊರಕೆ ಹೊಡೀತೀನಿ ಅಂತ ಹೇಳೋಕಾದ್ರೂ ಪಕ್ಕದಲ್ಲಿ ಯಾರಿದ್ರು ಹೇಳಿ” ಎಂದು ಬಿದ್ದು ಬಿದ್ದು ನಕ್ಕರು. ತಂಡದಲ್ಲಿ ಇನ್ನೊಬ್ಬರು ಹೆಂಡತಿ ತೀರಿಕೊಂಡ, ನಿವೃತ್ತ ಬಸ್ ಡ್ರೈವರ್. ನಮ್ಮನ್ನೆಲ್ಲ ನಡೆಸುತ್ತಿದ್ದ ಲೀಡರ್ ಮಾತ್ರ ನಿನ್ನ ಮಗಳು ಚಿನ್ನುವಿನ ವಯಸ್ಸಿನ ಹುಡುಗಿ.

ಮೊದಲ ದಿನ ನಾನು ಸಾಲಿನ ಕೊನೆಯಲ್ಲಿದ್ದೆ. ಉಸಿರು ಸಾಲದೆ ಅಷ್ಟೇ ಅಲ್ಲ. ಯಾರದೋ ಟೋಪಿ ಬಿದ್ದರೆ ಎತ್ತಿಕೊಳ್ಳುವುದು, ಯಾರೋ ಮರೆತ ನೀರಿನ ಬಾಟಲಿ ನನ್ನ ಚೀಲಕ್ಕೆ ತುರುಕುವುದು. ಹುಟ್ಟುಗುಣ, ಬಿಡಬೇಕಲ್ಲ! ಸಂಜೆ ನನ್ನ ಚೀಲ ಬಿಚ್ಚಿದರೆ ಸಂತೆ. ಲೀಡರ್ ಅದನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. “ಆಂಟಿ, ನಾಳೆಯಿಂದ ನೀವು ಎಲ್ಲರಿಗಿಂತ ಮುಂದೆ ನಡೀರಿ.”

ಬೈಯುತ್ತಿದ್ದಾಳೆ ಎಂದುಕೊಂಡೆ. “ಬೇಡಮ್ಮ, ನಾನು ಹಿಂದೇನೇ ಬರ್ತೀನಿ. ನನಗೆ ಅಭ್ಯಾಸ ಇದೆ.”

“ಬೆಟ್ಟದಲ್ಲಿ ಇದೇ ನಿಯಮ. ಯಾರು ಎಲ್ಲರಿಗಿಂತ ನಿಧಾನವೋ ಅವರು ಮುಂದೆ. ಅವರ ನಡಿಗೆಗೇ ಉಳಿದವರು ನಡೀಬೇಕು. ಇಲ್ಲಾಂದ್ರೆ ನಿಧಾನದವರು ಹಿಂದೇನೇ ಉಳಿದು ಕಳೆದುಹೋಗ್ತಾರೆ, ಯಾರಿಗೂ ಗೊತ್ತಾಗಲ್ಲ.”

“ಒಂಟಿ ರಸ್ತೆ ಇದ್ದಂಗೆ. ಮುಂದಿನ ಗಾಡಿ ಹೋದಷ್ಟೇ ನಮ್ಮ ಸ್ಪೀಡು. ಹಾರ್ನ್ ಹೊಡೆದ್ರೆ ಕಿವಿ ನೋವು ಅಷ್ಟೇ” ಎಂದರು ಡ್ರೈವರ್.

ಅಕ್ಕಾ, ಮರುದಿನ ನಾನು ಮುಂದೆ ನಡೆದೆ. ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಹುಲ್ಲು, ಕಲ್ಲು, ಆಮೇಲೆ ಬರೀ ಆಕಾಶ. ನಾನು ನಿಂತರೆ ಎಲ್ಲರೂ ನಿಲ್ಲುತ್ತಿದ್ದರು, ಯಾರೂ ‘ಥೂ’ ಅನ್ನಲಿಲ್ಲ. ಸುಳ್ಳೇಕೆ ಹೇಳಲಿ, ಒಂದು ಸಲ ಬೇಕೆಂದೇ ಸುಮ್ಮನೆ ನಿಂತೆ. ಅವರೂ ನಿಂತರು! ನನಗೆ ನಗು ತಡೆಯಲಾಗಲಿಲ್ಲ, ಆಮೇಲೆ ಅಳುವೂ ಬಂತು. ಅಷ್ಟು ಜನ ನನಗಾಗಿ ಕಾದದ್ದು ನನ್ನ ನೆನಪಿನಲ್ಲಿ ಇಲ್ಲ.

ಇಳಿಯುವಾಗ ಕಾಲು ಜಾರಿ ಬಿದ್ದದ್ದು ನಿನಗೆ ಗೊತ್ತೇ ಇದೆ, ಲೀಡರ್ ನಿನಗೆ ಫೋನ್ ಮಾಡಿದ್ದಳಲ್ಲ. ಅದನ್ನು ದೊಡ್ಡದು ಮಾಡುವುದಿಲ್ಲ.

ಈಗ ಮುಖ್ಯ ವಿಷಯ. ಒಂದನೇ ತಾರೀಕಿಗೆ ಚಿನ್ನು ಮತ್ತೆ ಕೆಲಸಕ್ಕೆ ಹೋಗಬೇಕು, ಅಷ್ಟರೊಳಗೆ ನಾನು ಕೆಲಸ ಬಿಟ್ಟು, ಮನೆ ಖಾಲಿ ಮಾಡಿ, ಅವಳ ಮನೆಗೆ ಬಂದು ಮಗುವನ್ನು ನೋಡಿಕೊಳ್ಳಬೇಕು ಎಂದು ನೀನು ಬರೆದಿದ್ದೀಯ. ಕೇಳಿಲ್ಲ, ಬರೆದಿದ್ದೀಯ. ‘ಹೇಗೂ ಒಬ್ಬಳೇ ತಾನೆ’ ಎಂದೂ ಸೇರಿಸಿದ್ದೀಯ. ಅಮ್ಮ ಹಾಸಿಗೆ ಹಿಡಿದಾಗಲೂ ಇದೇ ಮಾತು, ನಿನ್ನ ಬಾಣಂತನದಲ್ಲೂ ಇದೇ ಮಾತು. ಆಗ ಮಾಡಿದ್ದನ್ನು ಎತ್ತಿ ಆಡುತ್ತಿಲ್ಲ, ಪ್ರೀತಿಯಿಂದಲೇ ಮಾಡಿದೆ. ಆದರೆ ಒಬ್ಬಳೇ ಇರುವವಳು ಎಂದರೆ ಖಾಲಿ ಕೂತವಳು ಎಂದಲ್ಲ ಅಕ್ಕ. ನನಗೊಂದು ಕೆಲಸವಿದೆ, ನನಗೊಂದು ಬೀಗದ ಕೈ ಇದೆ.

ನಾನು ಬರುವುದಿಲ್ಲ.

ಮಗುವನ್ನು ನೋಡಲು ಬರುತ್ತೇನೆ, ಮುದ್ದು ಮಾಡಿ, ಎರಡು ದಿನ ಇದ್ದು, ನನ್ನ ಮನೆಗೆ ವಾಪಸ್ಸಾಗುತ್ತೇನೆ. ಚಿನ್ನುವಿಗೆ ನಾನೇ ಹೇಳುತ್ತೇನೆ, ನೀನು ನಡುವೆ ಬರಬೇಡ. ಅವಳ ಗಂಡನಿಗೂ ಎರಡು ಕೈಗಳಿವೆ, ಮದುವೆ ಫೋಟೋದಲ್ಲಿ ನೋಡಿದ್ದೇನೆ.

‘ಹೊರಗಿನವರು ಎಷ್ಟಿದ್ದರೂ ಹೊರಗಿನವರೇ, ಕಷ್ಟಕ್ಕೆ ಆಗುವುದು ಒಡಹುಟ್ಟಿದವರು’ ಎಂದು ಬರೆದಿದ್ದೀಯಲ್ಲ, ಅದಕ್ಕೆ ಉತ್ತರ ಕೊಡುವುದು ಬೇಡವೆಂದುಕೊಂಡಿದ್ದೇನೆ. ಮುಂದಿನ ತಿಂಗಳು ಅದೇ ತಂಡದ ಜೊತೆ ನದಿಗೆ ಹೋಗುತ್ತಿದ್ದೇನೆ, ರಬ್ಬರ್ ದೋಣಿಯಲ್ಲಿ. ಈಜು ಬರುತ್ತಾ ಎಂದು ಕೇಳಬೇಡ. ಕಲಿಯುತ್ತಿದ್ದೇನೆ, ಈಗಾಗಲೇ ಅರ್ಧ ಕೊಳ ಕುಡಿದಾಗಿದೆ.

ಭಾವನಿಗೆ ನಮಸ್ಕಾರ. ಚಿನ್ನುವಿಗೂ ಮಗುವಿಗೂ ನನ್ನ ತುಂಬು ಆಶೀರ್ವಾದ. ಆ ಮಗು ಬೇಗ ಹೆಜ್ಜೆ ಹಾಕಲಿ, ಬೇಕಾದಲ್ಲಿಗೆ ಹೋಗಲಿ. ನಿನ್ನ ಮಂಡಿನೋವು ಹೇಗಿದೆ? ತಪ್ಪದೆ ಬರೆ.

ನಿನ್ನ,
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಕವರ್ ಅಂಟಿಸಿಯಾಗಿತ್ತು, ಮತ್ತೆ ಕಿತ್ತೆ.

ನಾನು ಬಿದ್ದಾಗ ಲೀಡರ್ ಹುಡುಗಿಯ ಎರಡೂ ಕೈ ನನ್ನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದವು. ಅದಕ್ಕೇ ಅವಳು ಫೋನನ್ನು ಸ್ಪೀಕರಿಗೆ ಹಾಕಿ ಕಲ್ಲಿನ ಮೇಲಿಟ್ಟಿದ್ದಳು. “ನಿಮ್ಮ ತಂಗಿ ಬಿದ್ದುಬಿಟ್ಟಿದ್ದಾರೆ, ಕಾಲಿಗೆ ಜೋರಾಗಿ ಪೆಟ್ಟಾಗಿದೆ” ಎಂದಳು. ನೀನು ಹೇಳಿದ್ದು, “ಅಯ್ಯೋ ದೇವರೇ, ಹಾಗಾದ್ರೆ ಒಂದನೇ ತಾರೀಕಿಗೆ ಮಗು ಹತ್ರ ಯಾರು?” ಎಂದು. ನಾನು ಅಲ್ಲೇ ಇದ್ದೆ ಅಕ್ಕ. ಎಲ್ಲರೂ ಇದ್ದರು. ಡ್ರೈವರ್ ಮುಖ ಆಚೆ ತಿರುಗಿಸಿದರು. “ನಮ್ಮಕ್ಕನಿಗೆ ಗಾಬರಿಯಾದ್ರೆ ಹಾಗೇ, ಬಾಯಿಗೆ ಬಂದದ್ದು ಹೇಳ್ತಾಳೆ” ಎಂದು ನಾನೇ ನಿನ್ನ ಮಾನ ಮುಚ್ಚಿದೆ. ಕೆಳಗಿನ ಆಸ್ಪತ್ರೆ ಸೇರುವವರೆಗೆ ಹಲ್ಲಿನ ಡಾಕ್ಟರ್ ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಆಮೇಲೆ ನೀನು ಎಷ್ಟೋ ಸಲ ಫೋನ್ ಮಾಡಿದೆ. ಯಾವಾಗ ಬರ್ತೀಯ ಎಂದೇ ಕೇಳಿದೆ. ಕಾಲು ಈಗ ವಾಸಿಯಾಗಿದೆ. ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ.