ಪೈಪಿಗೆ ತೊಡಿಸಿದ ಬಳೆ

ಹರಿಹರ, ೧೯೯೮

ಸೌ. ಶಿವಗಂಗಾಳಿಗೆ,

ನಮ್ಮ ವ್ಯಾನಿನ ತುಂಡಾದ ಸೈಲೆನ್ಸರ್ ಪೈಪಿನ ಅಳತೆಗೆಂದು ತಂದ ನಿನ್ನ ಬಳೆ ಬಸ್ಸಿನ ನೂಕಾಟದಲ್ಲಿ ಚೂರಾಯಿತು. “ಚೂರು ನೋಡಿ ಪೈಪ್ ಹೆಂಗ್ ಕೊಡ್ಲಿ ಸರ? ಸರಿ ಅಳತಿ ತರ್ರಿ” ಎಂದ ಅಂಗಡಿಯವ. ಊರಿಗೆ ಕರೆತರಲು ಹಿಡಿದಿಟ್ಟ ವೆಲ್ಡರ್‌ನನ್ನು ಬಿಟ್ಟು ನಾನು ಬರುವಂತಿಲ್ಲ. ಒಡೆದದ್ದರ ಜೋಡಿ ಬಳೆಯನ್ನು ಪೈಪಿಗೆ ತೊಡಿಸಿ ನೋಡಿ, ಈ ಚೀಟಿ ತಂದ ಕಂಡಕ್ಟರ್ ಕೈಲೇ ಕಳಿಸು. ಅವ್ವ ಕೇಳಿದರೆ ಪೈಪಿಗೆ ಸೀಮಂತ ಎನ್ನು. ಒಡೆದದ್ದು ಮಾತ್ರ ಹೇಳಬೇಡ.

ಹೊಗೆಯೆಲ್ಲ ಒಳಗೆ, ನಗೆಯೆಲ್ಲ ಹೊರಗೆ ಆಗಿರುವ ಆ ವ್ಯಾನಿಗೆ ತುಂಬು ಬಸುರಿ ಮಗಳನ್ನು ಹತ್ತಿಸಬೇಡ. ಅಷ್ಟರಲ್ಲಿ ಉಮಾಗೆ ನೋವು ಬಂದರೆ ಬಳೆ ಬೇಡ, ಅವಳನ್ನೇ ಬಸ್ಸಿನಲ್ಲಿ ಕರೆದುಕೊಂಡು ಬಾ. ಇಲ್ಲಿಂದ ದಾವಣಗೆರೆ ಆಸ್ಪತ್ರೆಗೆ ಆಟೋ ಆದರೂ ಹಿಡಿಯೋಣ. ಭಾನುವಳ್ಳಿಯ ಪ್ರತಿ ಬಸ್ಸಿನಲ್ಲೂ ಮೊದಲು ನಿಮ್ಮ ಮುಖ ಹುಡುಕುತ್ತೇನೆ, ಆಮೇಲೆ ಬಳೆ.

ನಿನ್ನ ಮನೆಯವ,
ಮಹಾಂತೇಶ