ಸಾಹೇಬರ ಪಾತ್ರ ಮಾಡಿದ ವನಜಾಳ ಮೇಲಿನ ನೋಟಿಸು ಹಿಂಪಡೆಯಿರಿ

ಮಧುಗಿರಿಯ ಉಚಿತ ಅಭಿನಯ ಮತ್ತು ನೃತ್ಯ ಶಿಬಿರವನ್ನು ಉದ್ಘಾಟಿಸಬೇಕಾಗಿದ್ದ, ಆದರೆ ಉದ್ಘಾಟಿಸದ ಮಾನ್ಯ ಅಧಿಕಾರಿಗಳೇ,

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ನೀವು ನೋಟಿಸು ಕೊಟ್ಟಿದ್ದೀರಿ. ಅಭಿನಯ ಶಿಬಿರದಲ್ಲಿ ಅಭಿನಯ ಮಾಡಿದಳು ಎಂಬುದು ಅವಳ ಮೇಲಿನ ಆರೋಪ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ‘ಅಧಿಕಾರಿಯ ಸೋಗು ಹಾಕಿ ಸಾರ್ವಜನಿಕರಲ್ಲಿ ಗೊಂದಲ ಉಂಟುಮಾಡಿರುವುದು’. ಅದೇ ನೋಟಿಸಿನ ಕೆಳಗೆ, ವಿಧ್ಯುಕ್ತ ಉದ್ಘಾಟನೆ ಆಗದ ಕಾರಣ ಸದರಿ ಶಿಬಿರ ನಡೆದೇ ಇಲ್ಲವೆಂದು ಪರಿಗಣಿಸಲಾಗಿದೆ, ಆದ್ದರಿಂದ ಯಾವ ವಿದ್ಯಾರ್ಥಿಗೂ ಪ್ರಮಾಣಪತ್ರವಿಲ್ಲ ಎಂದೂ ಬರೆದಿದ್ದೀರಿ. ನಾನು ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸುವವಳು. ನಡೆಯದ ಶಿಬಿರದಲ್ಲಿ ನಡೆದ ಅಪರಾಧ ಯಾವ ಕಾಲಕ್ಕೆ ಸೇರುತ್ತದೆ ಸ್ವಾಮಿ? ಭೂತವೋ, ವರ್ತಮಾನವೋ, ಅಥವಾ ನಿಮ್ಮ ಆಗಮನದಂತೆ ಸದಾ ಭವಿಷ್ಯತ್ತೋ?

ಆ ಹುಡುಗಿ ವನಜಾ. ಪಾವಗಡದ ಆಚೆ, ವಳ್ಳೂರಿನವಳು. ತಾಯಿ ಸೋಲಾರ್ ಫಲಕ ತೊಳೆಯುವ ಕೆಲಸಕ್ಕೆ ಹೋಗುತ್ತಾಳೆ, ಮಗಳನ್ನು ಬೆಳೆಸಿದ್ದು ಅಜ್ಜಿ ಕೊಲ್ಲಾಪುರಮ್ಮ. ಹಾಜರಿ ಕೂಗಿದರೆ ಪಕ್ಕದವಳಿಗೆ ಮಾತ್ರ ಕೇಳುವಷ್ಟು ಮೆತ್ತಗೆ ‘ಪ್ರೆಸೆಂಟ್ ಮಿಸ್’ ಅನ್ನುವ ಹುಡುಗಿ. ಆದರೆ ಬೇಲಿಯ ಪಕ್ಕದ ಫಲಕಗಳ ಗಾಜಿನಲ್ಲಿ ತನ್ನ ಬಿಂಬ ನೋಡಿಕೊಂಡು ಕುಣಿಯುತ್ತಾಳೆಂದು ಅವಳ ಗೆಳತಿಯರು ನನ್ನ ಬಳಿ ಚಾಡಿ ಹೇಳಿದ್ದರು. ಆ ಚಾಡಿಯನ್ನು ನಂಬಿಯೇ ನಾನು ಅವಳ ಹೆಸರನ್ನು ನಿಮ್ಮ ಶಿಬಿರಕ್ಕೆ ಬರೆಸಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸರ್ಕಾರಿ ಶಾಲೆಯ ಮಕ್ಕಳಿಗೆ ದಸರಾ ರಜೆಯಲ್ಲಿ ಉಚಿತ ತರಬೇತಿ, ಉಚಿತ ಊಟ, ಉಚಿತ ವಸತಿ ಎಂದು ಸುತ್ತೋಲೆ ಬಂದಿತ್ತು. ಕೊಲ್ಲಾಪುರಮ್ಮ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ.

“ಅಯ್ಯೋ ದೇವುಡಾ, ಪುಕ್ಕಟೆ ಯಾರು ಏನು ಕಲಿಸ್ತಾರೆ ಮಿಸ್ಸಮ್ಮಾ? ಹಿಂದಿನಿಂದ ಏನಾರ ತಗ್ಲಾಕ್ತಾರೆ ನೋಡ್ತಿರು” ಎಂದರು.

ನಾನು ನಕ್ಕೆ, ಶಿಬಿರದಲ್ಲಿ ಜೊತೆಗೆ ನಾನೂ ಇರುತ್ತೇನೆಂದು ಒಪ್ಪಿಸಿದೆ. ಈಗ ಆ ನಗುವಿನ ಬಗ್ಗೆ ನಾಚಿಕೆಯಾಗುತ್ತಿದೆ.

ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆಯಿತ್ತು. ವೇದಿಕೆಯಲ್ಲಿ ಬ್ಯಾನರು, ಬ್ಯಾನರಿನಲ್ಲಿ ನಿಮ್ಮ ಫೋಟೊ, ಫೋಟೊ ಕೆಳಗೆ ನಿಮ್ಮ ಕುರ್ಚಿ, ಕುರ್ಚಿಯ ಮೇಲೆ ಟವೆಲ್ಲು. ಎಲ್ಲವೂ ಬಂದಿದ್ದವು, ನೀವೊಬ್ಬರನ್ನು ಬಿಟ್ಟು. ಮಧ್ಯಾಹ್ನವಾಯಿತು. ‘ಸಾಹೇಬರು ದಾರಿಯಲ್ಲಿದ್ದಾರೆ’ ಎಂದು ನಿಮ್ಮ ಕಚೇರಿಯ ಮೇಲ್ವಿಚಾರಕರು ಹೇಳುತ್ತಲೇ ಇದ್ದರು. ಯಾವ ದಾರಿ ಎಂದು ಹೇಳಲಿಲ್ಲ. ಶಿರಾದಿಂದ ಬಂದಿದ್ದ ನಾಟಕದ ಮೇಷ್ಟ್ರು ಮುತ್ತುರಾಜು, ಅಲ್ಲಿಯವರೆಗೆ ಮಕ್ಕಳಿಗೆ ನಾಲ್ಕು ಹೆಜ್ಜೆಯನ್ನಾದರೂ ಕಲಿಸುತ್ತೇನೆಂದು ಎದ್ದರೆ ಮೇಲ್ವಿಚಾರಕರು ಹೌಹಾರಿದರು.

“ಉದ್ಘಾಟನೆ ಆಗ್ದೆ ತರಬೇತಿ ಶುರು ಮಾಡಂಗಿಲ್ಲ ಸಾರ್. ಸ್ಟೇಜ್ ಮೇಲೆ ಯಾರೂ ಹತ್ತಂಗಿಲ್ಲ. ಡೋಲು, ಗೆಜ್ಜೆ ಎಲ್ಲ ಆ ರೂಮಲ್ಲಿವೆ, ಸಾಹೇಬ್ರು ದೀಪ ಹಚ್ಚಿದ್ ಮೇಲೇನೇ ಬೀಗ ತೆಗೆಯೋದು.”

“ಅಲ್ಲೀವರ್ಗೂ ಮಕ್ಳು ಏನ್ ಮಾಡ್ಬೇಕು?”

“ಸಾಹೇಬ್ರು ಬಂದಾಗ ಎದ್ದು ನಿಲ್ಲೋದು ಪ್ರಾಕ್ಟೀಸ್ ಮಾಡ್ಲಿ.”

ಮಾನ್ಯರೇ, ಇದು ಹಾಸ್ಯವೆಂದು ನೀವು ಭಾವಿಸಬಾರದು. ನಾಲ್ಕು ತಾಲ್ಲೂಕಿನ ಮಕ್ಕಳು ಆ ದಿನವೆಲ್ಲ ಎದ್ದು ನಿಲ್ಲುವುದನ್ನೂ ಕೂರುವುದನ್ನೂ ಕಲಿತರು. ಮರುದಿನ ಚಪ್ಪಾಳೆ ಕಲಿತರು. ಹೂಗುಚ್ಛ ಕೊಡುವುದು, ಕೊಟ್ಟು ಬೆನ್ನು ತೋರಿಸದೆ ಹಿಂದಕ್ಕೆ ನಡೆಯುವುದು, ಹಾಗೆ ನಡೆಯುವಾಗ ಹಿಂದಿನವರ ಕಾಲು ತುಳಿಯದಿರುವುದು, ಇವೆಲ್ಲ ಅಭ್ಯಾಸವಾದವು. ಹೂಗುಚ್ಛ ಬಾಡಿತು. ಬ್ಯಾನರಿನ ತಾರೀಖಿನ ಮೇಲೆ ಕಾಗದ ಅಂಟಿಸಿ ಹೊಸ ತಾರೀಖು ಬರೆದರು, ಅದರ ಮೇಲೆ ಇನ್ನೊಂದು. ಮುತ್ತುರಾಜು ಮೇಷ್ಟ್ರು ಬಹಳ ಸಹನೆಯ ಮನುಷ್ಯ. “ಕಾಯೋದೂ ಒಂದು ಅಭಿನಯಾನೇ ಕಣ್ರೋ. ಬಸ್ಸಿಗೆ ಕಾಯೋನು ಬೇರೆ ಥರ ನಿಲ್ತಾನೆ, ಆಸ್ಪತ್ರೇಲಿ ಕಾಯೋನು ಬೇರೆ ಥರ. ಮಾಡಿ ತೋರ್ಸಿ ನೋಡುವ” ಎಂದು ಕುಳಿತಲ್ಲೇ ಏನೋ ಪಾಠ ಮಾಡಿದರು. ಆಗ ಮೊದಲ ಬಾರಿಗೆ ವನಜಾ ಎದ್ದು, ನಲ್ಲಿಯ ಮುಂದೆ ಕೊಡ ಹಿಡಿದು ಕಾಯುವ ತನ್ನ ಅಜ್ಜಿಯನ್ನು ಮಾಡಿ ತೋರಿಸಿದಳು. ಸೊಂಟದ ಮೇಲಿನ ಕೈ, ಮುಂದಿನವಳ ಕೊಡವನ್ನು ನೋಡುವ ಓರೆನೋಟ, ಬಾರದ ನೀರಿಗೆ ಬೈಯುವ ತುಟಿ. ನಾನು ಬೆರಗಾದೆ. ಎರಡು ವರ್ಷ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗಿಯನ್ನು ಅವತ್ತೇ ನೋಡಿದಂತಾಯಿತು.

ಆ ಮಧ್ಯಾಹ್ನವೇ ಅನಾಹುತವೊಂದು ನಡೆಯಿತು. ಗೇಟಿನಲ್ಲಿ ಬೈಕು ನಿಂತಿತು, ಇಸ್ತ್ರಿ ಶರಟಿನವರೊಬ್ಬರು ಕೈಯಲ್ಲೊಂದು ಯಂತ್ರ ಹಿಡಿದು ಒಳಗೆ ಬಂದರು. ಮೇಲ್ವಿಚಾರಕರು ಊಟಕ್ಕೆ ಹೋಗಿದ್ದರು. ಮಕ್ಕಳು ಕಲಿತದ್ದನ್ನು ಕಲಿತ ಹಾಗೆಯೇ ಮಾಡಿದರು: ಎದ್ದರು, ಚಪ್ಪಾಳೆ ತಟ್ಟಿದರು, ಹಾರ ಹಾಕಿದರು, ಕೈ ಹಿಡಿದು ಕರೆದೊಯ್ದು ನಿಮ್ಮ ಟವೆಲ್ಲಿನ ಮೇಲೆ ಕೂರಿಸಿದರು. ಕೊರಟಗೆರೆಯ ಹುಡುಗಿಯೊಬ್ಬಳು ಎರಡು ಹಿತವಚನ ಹೇಳಬೇಕೆಂದು ಮೈಕು ಕೊಟ್ಟಳು. ಆ ಮನುಷ್ಯ ತಬ್ಬಿಬ್ಬಾಗಿ ಸುತ್ತ ನೋಡಿ, “ಎಲ್ಲ ಸರಿ ಕಣ್ರಪ್ಪಾ, ಕರೆಂಟ್ ಮೀಟ್ರು ಎಲ್ಲೈತೆ?” ಎಂದರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಭಾಷಣ ಮುಗಿದ ಮೇಲೆ ತಟ್ಟಬೇಕೆಂದು ಹೇಳಿಕೊಡಲಾಗಿತ್ತಲ್ಲ!

ಮೇಲ್ವಿಚಾರಕರಿಗೆ ಸುದ್ದಿ ತಿಳಿದು ಸಿಟ್ಟು ನೆತ್ತಿಗೇರಿತು. ಸಾಹೇಬರು ಹೇಗಿರುತ್ತಾರೆಂದು ಮಕ್ಕಳಿಗೆ ಗೊತ್ತಿಲ್ಲದಿರುವುದೇ ತಪ್ಪಿಗೆ ಕಾರಣವೆಂದು ತೀರ್ಮಾನಿಸಿದರು. ದಯವಿಟ್ಟು ಮುಂದಿನ ಮಾತನ್ನು ಎರಡು ಸಲ ಓದಿ. “ನಿಮ್ಮಲ್ಲೇ ಒಬ್ರು ಸಾಹೇಬ್ರಾಗಿ. ಕಾರಿಂದ ಇಳ್ಯೋದ್ರಿಂದ ಹಿಡಿದು ದೀಪ ಹಚ್ಚೋವರ್ಗೂ ಪೂರ್ತಿ ರಿಹರ್ಸಲ್ ಆಗ್ಬೇಕು” ಎಂದು ಆಜ್ಞೆ ಮಾಡಿದವರು ನಿಮ್ಮದೇ ಕಚೇರಿಯ ಆ ಮೇಲ್ವಿಚಾರಕರು. ವನಜಾ ಅಲ್ಲ, ಮುತ್ತುರಾಜು ಅಲ್ಲ, ನಾನೂ ಅಲ್ಲ.

ಯಾರೂ ಮುಂದೆ ಬರಲಿಲ್ಲ. ವನಜಾ ಕೈ ಎತ್ತಿದಳು. ನಮ್ಮೂರ ಮಕ್ಕಳು ಅಧಿಕಾರಿಗಳನ್ನು ನೋಡಿರುವಷ್ಟು ಬೇರೆ ಯಾರು ನೋಡಿದ್ದಾರೆ? ಸೋಲಾರ್ ಪಾರ್ಕು ನೋಡಲು ದಿನ ಬಿಟ್ಟು ದಿನ ಯಾರಾದರೊಬ್ಬರು ಬರುತ್ತಾರೆ, ಬಿಸಿಲನ್ನು ನೋಡಿ ತಲೆಯಾಡಿಸಿ ಹೋಗುತ್ತಾರೆ. ಅವಳು ಮುತ್ತುರಾಜು ಮೇಷ್ಟ್ರ ಕೋಟು ತೊಟ್ಟು, ಯಾರದೋ ಕಪ್ಪು ಕನ್ನಡಕ ಏರಿಸಿ, ಕಾವಲುಗಾರ ದೊಡ್ಡಹನುಮಯ್ಯನವರ ಟಿವಿಎಸ್‌ನಿಂದ ಇಳಿದಳು. ನಮ್ಮ ಶಾಲೆಯದೇ ಹುಡುಗ ಅಂಜನ್ ಕುಮಾರ್ ಎರಡು ಫೋನು ಹಿಡಿದು ಹಿಂದೆ ಓಡಿದ. ಅವಳು ಕೈಮುಗಿದವರ ಕಡೆ ನೋಡದೆ ಛಾವಣಿಯ ಕಡೆ ನೋಡಿದಳು. “ಫ್ಯಾನ್ ತಿರುಗ್ತಾ ಇದೆಯೇನ್ರೀ?” ಎಂದು ತಿರುಗುತ್ತಿರುವ ಫ್ಯಾನಿನ ಕೆಳಗೇ ನಿಂತು ಕೇಳಿದಳು. “ಸಮಯದ ಅಭಾವ ಇದೆ” ಎಂದಳು. ಒಬ್ಬ ಹುಡುಗನ ಕೆನ್ನೆ ತಟ್ಟಿ, “ಊಟ ಆಯ್ತಾ?” ಎಂದು ಕೇಳಿ, ಅವನು ಉತ್ತರಿಸುವವರೆಗೂ ನಿಂತಳು. ಅವಳ ಅಭಿನಯದಲ್ಲಿ ಸಹಜವಾಗಿರದಿದ್ದದ್ದು ಅದೊಂದೇ.

ಆಮೇಲೆ ಅವಳು ದೀಪ ಹಚ್ಚಿದಳು. ಹಚ್ಚಿ, ನಾನು ಎಂದೂ ಕೇಳಿರದ ದನಿಯಲ್ಲಿ, ಸಭಾಂಗಣದ ಹಿಂದಿನ ಗೋಡೆಗೆ ಬಡಿಯುವಂತೆ ಹೇಳಿದಳು: “ಈ ಶಿಬಿರ ಈಗಿಂದ ಶುರು. ಆ ರೂಮ್ ಬಾಗ್ಲು ತೆಗೀರಿ!”

ದೊಡ್ಡಹನುಮಯ್ಯನವರು ಹೋಗಿ ಬೀಗ ತೆಗೆದುಬಿಟ್ಟರು.

ಅವರಿಗೂ ನೀವು ನೋಟಿಸು ಕೊಟ್ಟು ವಿವರಣೆ ಕೇಳಿದ್ದೀರಂತೆ. ಅವರು ನನಗೆ ಹೇಳಿದ ವಿವರಣೆ ಇದು: “ಯಾರಾದ್ರೇನು ಮಿಸ್ಸೇ? ಅಷ್ಟು ಗಟ್ಟಿಯಾಗಿ ತೆಗೀರಿ ಅಂದ್ಮೇಲೆ ಕೈ ತಾನಾಗೇ ಹೋಗ್ಬುಡ್ತು. ಇಪ್ಪತ್ ವರ್ಸದ ಅಭ್ಯಾಸ ಕಣವ್ವಾ.”

ಮಕ್ಕಳು ಒಳಗೆ ನುಗ್ಗಿದರು. ಗೆಜ್ಜೆ ಕಟ್ಟಿಕೊಂಡರು, ಡೋಲು ಹೊರಬಂತು, ಮುತ್ತುರಾಜು ಮೇಷ್ಟ್ರು ಅವರನ್ನು ಸಾಲಾಗಿ ನಿಲ್ಲಿಸಲಾರದೆ ತಾವೇ ಕುಣಿಯತೊಡಗಿದರು. ಮೇಲ್ವಿಚಾರಕರು ಫೋನಿನಲ್ಲಿ ನಿಮ್ಮನ್ನು ಹುಡುಕುತ್ತಲೇ ಉಳಿದರು. ಉಳಿದ ದಿನಗಳಲ್ಲಿ ನಿಜವಾದ ಶಿಬಿರ ನಡೆಯಿತು. ರಾತ್ರಿ ಗುಡಿಗೆ ನುಗ್ಗಿ ದೀಪದ ಎಣ್ಣೆ ಕುಡಿಯುವ ಕರಡಿಯ ಕತೆಯನ್ನು ಮಕ್ಕಳೇ ನಾಟಕ ಮಾಡಿದರು. ಅಂಜನ್ ಕುಮಾರ್ ಕರಡಿ. ವನಜಾ ಕರಡಿಗೆ ಹೆದರದೆ ಲೆಕ್ಕ ಕೇಳುವ ಪೂಜಾರಿಯ ಹೆಂಡತಿ. ನೃತ್ಯ, ಹಾಡು, ಜಗಳ ಎಲ್ಲವೂ ಇತ್ತು. ಶಿರಾದ ಮಕ್ಕಳ ಉರ್ದು, ನಮ್ಮ ಮಕ್ಕಳ ತೆಲುಗು ಎರಡನ್ನೂ ಆ ಕರಡಿ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿತ್ತು.

ಗೊಂದಲವಾದದ್ದು ನಿಜ, ಒಪ್ಪುತ್ತೇನೆ. ವನಜಾ ದೀಪ ಹಚ್ಚಿದ ವಿಡಿಯೊ ಯಾರೋ ಹರಿಬಿಟ್ಟರು. ಸಮಾರೋಪದ ದಿನ ಮಧುಗಿರಿಯ ಜಯಕ್ಕ ಎಂಬ ಹಿರಿಯರು ತಮ್ಮ ಬೀದಿಯ ಚರಂಡಿಯ ಬಗ್ಗೆ ಅರ್ಜಿ ಹಿಡಿದು ಹುಡುಗಿಯ ಮುಂದೆ ನಿಂತರು.

“ನಾನು ಸಾಹೇಬ್ರಲ್ಲ ಅಜ್ಜಿ, ಪಾರ್ಟು ಮಾಡ್ದೆ ಅಷ್ಟೇ” ಎಂದಳು ವನಜಾ ಗಾಬರಿಯಾಗಿ.

“ಗೊತ್ತು ಬುಡವ್ವಾ. ಅವ್ರೂ ನೋಡುವ ಅಂತಾರೆ, ನೀನೂ ಅಂಗೇ ಅನ್ನು. ನೀನಾದ್ರೆ ಕೈಗ್ ಸಿಗ್ತೀಯಾ.”

ಇದರಲ್ಲಿ ಗೊಂದಲಕ್ಕೊಳಗಾದವರು ಜಯಕ್ಕನೋ ನೀವೋ, ನನಗೆ ಇನ್ನೂ ತಿಳಿದಿಲ್ಲ.

ನೋಟಿಸು ಬಂದಾಗ ವನಜಾಳ ಮನೆಯಲ್ಲಿ ಒಲೆ ಹಚ್ಚಲಿಲ್ಲ. “ಪೊಲೀಸ್ನೋರು ಬರ್ತಾರಾ ಮಿಸ್ಸಮ್ಮಾ? ನಾನು ಆಗ್ಲೇ ಹೇಳಿದ್ನಲ್ಲ” ಎಂದು ಕೊಲ್ಲಾಪುರಮ್ಮ ಅತ್ತರು. ಮೊಮ್ಮಗಳನ್ನು ಶಾಲೆಯಿಂದಲೇ ಬಿಡಿಸುವ ಮಾತಾಯಿತು. ಆ ಹುಡುಗಿ ಮತ್ತೆ ತನ್ನೊಳಗೆ ಹೊಕ್ಕು ಬಾಗಿಲು ಹಾಕಿಕೊಂಡಳು. ಪಾಠ ಓದೆಂದರೆ ಪುಸ್ತಕ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು. ಕೂರು ಎಂದು ನಾನೇ ಹೇಳಬೇಕಾಗುತ್ತಿತ್ತು. ಹಾಗೆ ಹೇಳುವಾಗಲೆಲ್ಲ ನಿಮ್ಮ ಮೇಲೆ ಬಂದ ಕೋಪವನ್ನು ಈ ಪತ್ರದಲ್ಲಿ ಬರೆಯಲು ನನ್ನ ವೃತ್ತಿ ಅಡ್ಡ ಬರುತ್ತಿದೆ.

ವಿಚಾರಣೆಗೆ ಕರೆದಿರಿ. ಅಜ್ಜಿ, ಮೊಮ್ಮಗಳು, ನಾನು ಬೆಳಗಿನ ಬಸ್ಸು ಹಿಡಿದು ಬಂದೆವು. ನೀವು ಪ್ರವಾಸದಲ್ಲಿದ್ದಿರಿ. ನಿಮ್ಮ ಬದಲು ವಿಚಾರಣೆಗೆ ಕುಳಿತವರು ಯಾರು? ಅದೇ ಮೇಲ್ವಿಚಾರಕರು.

“ರಿಹರ್ಸಲ್ ಮಾಡಿ ಅಂತ ಹೇಳ್ದೋರು ನೀವೇ ಅಲ್ವಾ ಸಾರ್?” ಎಂದೆ.

“ಅದು ಬೇರೆ ವಿಷ್ಯ ಮೇಡಂ. ಆಗ ನಾನು ಶಿಬಿರದ ಉಸ್ತುವಾರಿ. ಈಗ ವಿಚಾರಣಾಧಿಕಾರಿ. ಆ ಉಸ್ತುವಾರೀನೂ ವಿಚಾರಣೆಗೆ ಕರೀಬೇಕಾಗುತ್ತೆ, ನೋಡ್ತೀನಿ” ಎಂದರು, ಸ್ವಲ್ಪವೂ ನಗದೆ. ಆಮೇಲೆ ವನಜಾಳಿಗೆ, “ಏನಮ್ಮಾ, ಆವತ್ತು ಹೆಂಗ್ ಮಾಡ್ದೆ, ಅಂಗೇ ಮಾಡಿ ತೋರ್ಸು. ಸೋಗು ಎಷ್ಟರ ಮಟ್ಟಿಗೆ ಇತ್ತು ಅಂತ ವರದೀಲಿ ಬರೀಬೇಕು” ಎಂದರು.

ಹುಡುಗಿ ನನ್ನ ಮುಖ ನೋಡಿದಳು. ಅವಳು ನಿಧಾನವಾಗಿ ಎದ್ದು ಹೊರಗೆ ಹೋದಳು. ಒಂದು ಗಳಿಗೆ, ಓಡಿಯೇ ಹೋದಳೇನೋ ಎಂದು ಭಯವಾಯಿತು. ಅಷ್ಟರಲ್ಲಿ ಬಾಗಿಲು ತಳ್ಳಿ ಒಳಗೆ ಬಂದಳು. ಕೋಟಿಲ್ಲ, ಕನ್ನಡಕವಿಲ್ಲ, ಶಾಲೆಯ ಸಮವಸ್ತ್ರದ ಚೂಡಿದಾರ. ಯಾರನ್ನೂ ನೋಡದೆ ಛಾವಣಿ ನೋಡಿ, “ಏನ್ರೀ ಇದು? ಫೈಲ್ ಎಲ್ಲಿ?” ಎಂದಳು.

ಮಾನ್ಯರೇ, ನಿಮ್ಮ ಕಚೇರಿಯ ಸಿಬ್ಬಂದಿ ಇಡೀ ಎದ್ದು ನಿಂತಿತು. ಮೂಲೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದವರು ಪೊಟ್ಟಣ ಬೆನ್ನ ಹಿಂದೆ ಅಡಗಿಸಿದರು. ವಿಚಾರಣಾಧಿಕಾರಿಗಳು ಕುರ್ಚಿಯಿಂದ ಚಂಗನೆ ಎದ್ದು, “ಇಲ್ಲೇ ಇದೆ ಸಾರ್” ಎಂದು ಅವಳದೇ ಕೇಸಿನ ಫೈಲನ್ನು ಎರಡೂ ಕೈಯಲ್ಲಿ ನೀಡಿದರು.

ಮೊದಲು ನಕ್ಕವರು ಕೊಲ್ಲಾಪುರಮ್ಮ. ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. “ಏಮೇ ವನಜೀ, ನೀನಿಷ್ಟು ಚೆಂದ ಮಾಡ್ತೀಯಾ ಅಂತ ನಂಗೆ ಯಾರೂ ಹೇಳ್ನೇ ಇಲ್ವಲ್ಲೇ!” ಎಂದು ಮೊಮ್ಮಗಳ ಕೈ ಹಿಡಿದುಕೊಂಡರು. ಮೇಲ್ವಿಚಾರಕರು ಕುಳಿತು, ಬೆವರು ಒರೆಸಿ, ವರದಿಯಲ್ಲಿ ಹೀಗೆ ಬರೆದರು: ‘ಸಿಬ್ಬಂದಿಯೆಲ್ಲ ಎದ್ದು ನಿಂತಿರುವುದರಿಂದ ಆರೋಪ ಸಾಬೀತಾಗಿದೆ.’

ವರದಿ ಈಗ ನಿಮ್ಮ ಮೇಜಿನ ಮೇಲಿದೆ. ನಿಮಗೆ ಸಮಯದ ಅಭಾವವಿರುವುದು ನನಗೆ ಗೊತ್ತು, ಆದ್ದರಿಂದ ಬೇಡಿಕೆಯನ್ನು ಚಿಕ್ಕದಾಗಿ ಹೇಳುತ್ತೇನೆ. ವನಜಾ, ದೊಡ್ಡಹನುಮಯ್ಯ ಇಬ್ಬರ ಮೇಲಿನ ನೋಟಿಸನ್ನೂ ಹಿಂದಕ್ಕೆ ಪಡೆಯಿರಿ. ಶಿಬಿರ ನಡೆದಿದೆ ಎಂದು ಒಪ್ಪಿ ನಾಲ್ಕೂ ತಾಲ್ಲೂಕಿನ ಮಕ್ಕಳಿಗೆ ಪ್ರಮಾಣಪತ್ರ ಕೊಡಿ. ಕೊಡುವ ಸಮಾರಂಭ ಬೇಡ, ಅಂಚೆಯಲ್ಲಿ ಕಳಿಸಿದರೆ ಸಾಕು. ಮುಂದಿನ ವರ್ಷವೂ ಶಿಬಿರ ನಡೆಸಿ, ಬೀಗದ ಕೈಯನ್ನು ಮಾತ್ರ ನಾಟಕದ ಮೇಷ್ಟ್ರ ಕೈಗೆ ಕೊಡಿ. ನೀವು ಸಹಿ ಹಾಕದಿದ್ದರೆ ಆ ಹುಡುಗಿ ಏನಾಗುತ್ತಾಳೆಂದು ಮೊದಲಾಗಿದ್ದರೆ ಕಣ್ಣೀರಿಟ್ಟು ಬರೆಯುತ್ತಿದ್ದೆ. ಆದರೆ ಆವತ್ತು ಬಸ್ಸಿನಲ್ಲಿ ಕೊಲ್ಲಾಪುರಮ್ಮನವರೇ, “ಆ ಕರಡಿ ನಾಟ್ಕ ನಮ್ಮೂರಲ್ಲಿ ಯಾಕಾಡ್ಬಾರ್ದು ಮಿಸ್ಸಮ್ಮಾ? ಗೆಜ್ಜೆ ನಾನೇ ಹೊಂದಿಸ್ತೀನಿ” ಎಂದರು. ಮುತ್ತುರಾಜು ಮೇಷ್ಟ್ರು ಬರಲು ಒಪ್ಪಿದ್ದಾರೆ.

ಬರುವ ಭಾನುವಾರ ವಳ್ಳೂರಿನ ಶಾಲೆಯ ಮೈದಾನದಲ್ಲಿ ನಾಟಕವಿದೆ. ನಿಮಗೂ ಆಹ್ವಾನವಿದೆ, ಚಾಪೆಯ ಮೇಲೆ ಎಲ್ಲರ ಜೊತೆ. ಸಂಜೆ ಆರಕ್ಕೆ ಕರಡಿ ಒಳಗೆ ಬರುತ್ತದೆ. ನೀವು ಬಂದರೂ ಆರಕ್ಕೆ, ಬಾರದಿದ್ದರೂ ಆರಕ್ಕೆ.

ಇಂತಿ,
ತಮ್ಮ ಗೈರುಹಾಜರಿಯಿಂದ ಬಹಳಷ್ಟು ಕಲಿತ,
ಮಂಜುಳಾ
ಕನ್ನಡ ಶಿಕ್ಷಕಿ, ಪಾವಗಡ ತಾಲ್ಲೂಕು